ಮೂರನೇ ಚರಣದ ತಪ್ಪು

ಪತ್ರಿಕೆಯಲ್ಲಿ ಹೆಸರು ಬರಲಿ ಅಂತ ಆಸೆಪಡುವುದು ತಪ್ಪಲ್ಲ. ಆದರೆ ಆಸೆಪಡುವಾಗಲೇ ಯಾವ ಪುಟದಲ್ಲಿ, ಯಾವ ತಲೆಬರಹದ ಕೆಳಗೆ ಅಂತ ಸ್ಪಷ್ಟವಾಗಿ ಹೇಳಿಕೊಳ್ಳಬೇಕು. ಗುಂಯ್ಯಣ್ಣ ಮೂವತ್ತು ವರ್ಷ ಆಸೆಪಟ್ಟ, ವಿವರ ಮಾತ್ರ ಕೊಡಲಿಲ್ಲ. ಅದರ ಫಲವಾಗಿ ಒಂದು ಭಾನುವಾರದ ಪುರವಣಿಯಲ್ಲಿ ಅವನ ಹೆಸರು ಫೋಟೋ ಸಮೇತ ಅಚ್ಚಾಯಿತು. ತಲೆಬರಹ ಹೀಗಿತ್ತು: ‘ಮಹಾನ್ ರಾಕ್ ತಂಡಗಳ ಅತ್ಯಂತ ವೀಕ್ ಸದಸ್ಯರು’. ಹತ್ತು ಜನರ ಪಟ್ಟಿ. ಮೊದಲನೇ ಹೆಸರೇ ಇವನದು.

ಪತ್ರಿಕೆಯವರು ಅಪ್ಪ ಅಮ್ಮ ಇಟ್ಟ ಹೆಸರನ್ನೇ ಹಾಕಿದ್ದರು. ಬೀದಿಗೆ ಮಾತ್ರ ಅವನು ಗುಂಯ್ಯಣ್ಣ. ಹರೆಯದಲ್ಲಿ ‘ಗುಡುಗು’ ಅನ್ನುವ ರಾಕ್ ತಂಡದಲ್ಲಿ ಬೇಸ್ ಗಿಟಾರ್ ಬಾರಿಸುತ್ತಿದ್ದ. ಬೇಸ್ ಅಂದರೆ ನಾಲ್ಕೇ ತಂತಿಯ, ಗುಂಯ್ ಅನ್ನುವ ವಾದ್ಯ. ಇದ್ದಾಗ ಯಾರ ಗಮನಕ್ಕೂ ಬರುವುದಿಲ್ಲ, ನಿಂತಾಗ ಮಾತ್ರ ಏನೋ ಕಮ್ಮಿಯಾಯಿತಲ್ಲ ಅನ್ನಿಸುತ್ತದೆ. “ಮಿಕ್ಕ ಎರಡು ತಂತಿ ಯಾವಾಗ ಹಾಕಿಸ್ತೀರಿ?” ಅಂತ ಮದುವೆಯಾದ ಹೊಸದರಲ್ಲಿ ಮಾವನವರು ಕೇಳಿದ್ದರು. ತಂಡದ ಹಾಡುಗಾರನ ಗಂಟಲು, ಗಿಟಾರಿನವನ ಬೆರಳು, ಡ್ರಮ್ಮಿನವನ ಕೈ, ಈ ಮೂರನ್ನೂ ಜನ ಇವತ್ತಿಗೂ ಹೊಗಳುತ್ತಾರೆ. ನಾಲ್ಕನೆಯವನನ್ನು ಪೋಸ್ಟರುಗಳಲ್ಲಿ ‘ಮತ್ತು ಸಂಗಡಿಗರು’ ಅಂತ ಹಾಕುತ್ತಿದ್ದರು. ಒಬ್ಬನೇ ಇದ್ದರೂ ಬಹುವಚನ ಕೊಟ್ಟಿದ್ದಾರಲ್ಲ ಅಂತ ಗುಂಯ್ಯಣ್ಣ ಸಮಾಧಾನ ಮಾಡಿಕೊಳ್ಳುತ್ತಿದ್ದ.

ಪುರವಣಿಯ ವಿಮರ್ಶಕ ಸುಮ್ಮನೆ ಬೈದಿರಲಿಲ್ಲ, ಸಾಕ್ಷಿ ಕೊಟ್ಟಿದ್ದ. ಗುಡುಗು ತಂಡ ತಂದದ್ದು ಒಂದೇ ರೆಕಾರ್ಡು, ಹನ್ನೊಂದು ಹಾಡು. ಅದರಲ್ಲಿ ‘ಕೊನೆ ಬಸ್ಸು’ ಹಾಡು ಗೊತ್ತಿಲ್ಲದವರಿಲ್ಲ. ಅದರ ಮೂರನೇ ಚರಣದಲ್ಲಿ ಎಲ್ಲ ವಾದ್ಯಗಳೂ ಸುಮ್ಮನಾಗಿ, ಹಾಡುಗಾರನ ಜೊತೆ ಬೇಸ್ ಒಂದೇ ಉಳಿಯುತ್ತದೆ. ‘ಬಸ್ಸು ಹೋಯಿತು’ ಅನ್ನುವಲ್ಲಿ ಬೇಸ್ ಸ್ವರದ ನಾಲ್ಕು ಮೆಟ್ಟಿಲು ಇಳಿದು ನಿಲ್ಲಬೇಕು. ರೆಕಾರ್ಡಿನಲ್ಲಿ ಅದು ಮೂರೇ ಇಳಿದು ನಿಂತಿದೆ. ‘ಕೇಳಿ ಕೇಳಿ ನಮಗೇ ಆ ತಪ್ಪು ಅಭ್ಯಾಸವಾಗಿದೆ’ ಅಂತ ಬರೆದಿದ್ದ ಪುಣ್ಯಾತ್ಮ, ‘ಮೂವರು ದಿಗ್ಗಜರ ನಡುವೆ ಇವರ ಕೊಡುಗೆ ಅದೊಂದೇ.’

ಗುಂಯ್ಯಣ್ಣನಿಗೆ ಇದು ಹೊಸ ಸುದ್ದಿಯಲ್ಲ. ರೆಕಾರ್ಡಿಂಗ್ ನಡೆದ ದಿನ ಮಧ್ಯಾಹ್ನ ಅವನಿಗೆ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಕೆಲಸದ ಸಂದರ್ಶನವಿತ್ತು. ಹನ್ನೊಂದು ಹಾಡನ್ನೂ ಅವಸರದಲ್ಲಿ ಬಾರಿಸಿ, ವಾದ್ಯವನ್ನು ಸ್ಟುಡಿಯೋದಲ್ಲೇ ಬಿಟ್ಟು ಓಡಿದ್ದ. ಕೆಲಸ ಸಿಕ್ಕಿತು, ಸ್ವರ ಜಾರಿತು. ಅಂದಿನಿಂದ ಪ್ರತಿ ಭಾನುವಾರ ಹಿಂದಿನ ಕೋಣೆಯ ಬಾಗಿಲು ಹಾಕಿಕೊಂಡು ಆ ನಾಲ್ಕು ಮೆಟ್ಟಿಲನ್ನು ಇಳಿಯುತ್ತ ಬಂದ. ಒಂದು ಸಲ, ಒಂದೇ ಒಂದು ಸಲ, ಆ ಮೂವರ ಜೊತೆ ಜನರೆದುರು ಅದನ್ನು ಸರಿಯಾಗಿ ಇಳಿದುಬಿಟ್ಟರೆ ಸಾಕು ಅನ್ನುವುದು ಅವನ ಬಾಳಿನ ಹಂಬಲ. ತಂಡ ಒಡೆದು ಇಪ್ಪತ್ತೆಂಟು ವರ್ಷವಾಗಿತ್ತು. ಈಗ ಆ ರೆಕಾರ್ಡಿನ ಮೂವತ್ತನೇ ವರ್ಷದ ಕಾರ್ಯಕ್ರಮವೆಂದು ಬಸ್ ನಿಲ್ದಾಣದ ಗೋಡೆಗೆ ಪೋಸ್ಟರು ಬಿದ್ದಿತ್ತು. ಮೂರು ಹೆಸರು, ಕೆಳಗೆ ‘ಮತ್ತು ಸಂಗಡಿಗರು’. ಈ ಸಲ ಸಂಗಡಿಗರು ಅಂದರೆ ಯಾರೋ ಬೇರೆಯವನು. ಇವನಿಗೆ ಫೋನು ಕೂಡ ಬಂದಿರಲಿಲ್ಲ.

ಪುರವಣಿ ಕೈಯಲ್ಲಿ ಹಿಡಿದು ಕೂತಿದ್ದಾಗಲೇ ಎದುರು ಮನೆ ಟೀಚರಮ್ಮ ಬಾಗಿಲು ತಟ್ಟಿದರು. ನಿವೃತ್ತರಾಗಿ ಹತ್ತು ವರ್ಷವಾದರೂ ಬೀದಿಯನ್ನೆಲ್ಲ ಇನ್ನೂ ತರಗತಿಯೆಂದೇ ತಿಳಿದವರು. ಕೈಯಲ್ಲಿ ಗ್ಲೂಕೋಸ್ ಡಬ್ಬಿ. ಕನ್ನಡಕ ರಿಪೇರಿಗೆ ಹೋಗಿದ್ದರಿಂದ ಅವರು ದಪ್ಪ ಅಕ್ಷರದ ತಲೆಬರಹವನ್ನಷ್ಟೇ ಓದಿದ್ದರು.

“ಏನಪ್ಪಾ, ಇಷ್ಟು ದಿನ ಒಂದು ಮಾತೂ ಹೇಳಲಿಲ್ಲವಲ್ಲ.”

“ಏನು ಟೀಚರ್?”

“ವೀಕ್ ಆಗೋದು ಯಾರಿಗೂ ಬಿಟ್ಟಿದ್ದಲ್ಲ. ಆದ್ರೆ ಪೇಪರಲ್ಲಿ ಹಾಕೋಷ್ಟು ವೀಕಾ? ಅದೂ ಲಿಸ್ಟಲ್ಲಿ ಮೊದಲನೇ ನಂಬರು. ಫೋಟೋ ನೋಡಿದೆ, ಮೂಳೆ ಎಣಿಸಬಹುದು.”

ಫೋಟೋ ಇಪ್ಪತ್ತೈದನೇ ವಯಸ್ಸಿನದು. ಆಗ ರಾಕ್ ತಂಡದವರು ಊಟ ಕಮ್ಮಿ ಮಾಡಿ ಕೂದಲು ಜಾಸ್ತಿ ಬೆಳೆಸುತ್ತಿದ್ದರು.

ಈ ಘಟ್ಟದಲ್ಲಿ ಗುಂಯ್ಯಣ್ಣನ ಮುಂದೆ ಎರಡು ದಾರಿ ಇದ್ದವು. ‘ನಾನು ಗಟ್ಟಿಯಾಗಿದೀನಿ ಟೀಚರ್, ವೀಕ್ ಇರೋದು ನಾನು ಬಾರಿಸೋದು’ ಅಂತ ನಿಜ ಹೇಳಬಹುದಿತ್ತು. ಆದರೆ ಲೋಕದಲ್ಲಿ ರೋಗಕ್ಕೆ ಮರ್ಯಾದೆ ಇದೆ, ಅಪಸ್ವರಕ್ಕೆ ಇಲ್ಲ. ರೋಗಿಯನ್ನು ನೋಡಲು ಹಣ್ಣು ಹಿಡಿದು ಬರುತ್ತಾರೆ; ಅಪಸ್ವರದವನನ್ನು ನೋಡಲು ಯಾರೂ ಹಣ್ಣು ತಂದದ್ದಿಲ್ಲ.

“ಸ್ವಲ್ಪ ಸುಸ್ತು ಟೀಚರ್” ಅಂದು, ಇರಲಿ ಅಂತ ಒಂದು ಸಲ ಕೆಮ್ಮಿದ.

ಅವನ ಹೆಂಡತಿ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ರಕ್ತ ಪರೀಕ್ಷೆ ಮಾಡುವವಳು. ಟೀಚರಮ್ಮ ಅತ್ತ ಹೋದಮೇಲೆ ಅಡಿಗೆಮನೆಯಿಂದ ಬಂದು ಸೊಂಟಕ್ಕೆ ಕೈ ಕೊಟ್ಟು ನಿಂತಳು.

“ರೀ, ನಿಮ್ಮ ಹಿಮೋಗ್ಲೋಬಿನ್ ಹದಿನೈದು. ಹೋದ ತಿಂಗಳು ನಾನೇ ನೋಡಿದೀನಿ. ನಮ್ಮ ದೊಡ್ಡ ಡಾಕ್ಟರಿಗೂ ಅಷ್ಟಿಲ್ಲ.”

“ಮತ್ತೇನು ಹೇಳ್ಲಿ? ಪೇಪರಿನವರು ಬರೆದಿರೋದು ನಿಜ ಅನ್ಲಾ?”

ಅವಳು ಪುರವಣಿ ತೆಗೆದುಕೊಂಡು ಪೂರ್ತಿ ಓದಿದಳು. ಎರಡು ಸಲ ಓದಿ ನಾಲ್ಕು ಮಡಿಕೆ ಮಾಡಿ ಫ್ರಿಜ್ಜಿನ ಮೇಲಿಟ್ಟಳು. “ಹಾಗಾದ್ರೆ ಕೆಮ್ಮಬೇಡಿ” ಅಂದಳು. “ವೀಕ್ ಆದವರು ಕೆಮ್ಮಲ್ಲ. ನಿಂತವರು ಕೂತ್ಕೊಳ್ತಾರೆ, ಅಷ್ಟೆ.”

ಅಂದಿನಿಂದ ಗುಂಯ್ಯಣ್ಣ ಕಂಡಕಂಡಲ್ಲಿ ಕೂರತೊಡಗಿದ. ಸೋಮವಾರ ಕಚೇರಿಗೆ ಹೋಗುವಷ್ಟರಲ್ಲಿ ಸುದ್ದಿ ಅವನಿಗಿಂತ ಮೊದಲೇ ಹೋಗಿ ಹಾಜರಿ ಹಾಕಿತ್ತು. ಇಪ್ಪತ್ತು ವರ್ಷದಲ್ಲಿ ‘ಕೂತ್ಕೊಳ್ಳಿ’ ಅನ್ನದ ಮೇಲಧಿಕಾರಿ ತನ್ನ ಕುರ್ಚಿಯ ಮೆತ್ತೆಯನ್ನೇ ತೆಗೆದುಕೊಟ್ಟ. ಸಂಗೀತದ ಲೇಖನವನ್ನು ಆತನೂ ಓದಿರಲಿಲ್ಲ. ಪುರವಣಿಯ ತಲೆಬರಹದಾಚೆ ಓದುವವರು ಕಮ್ಮಿ ಅನ್ನುವುದು ವಿಮರ್ಶಕರಿಗೆ ಗೊತ್ತಿದ್ದರೆ ಅವರು ಅಷ್ಟು ಉದ್ದ ಬರೆಯುತ್ತಿರಲಿಲ್ಲ. “ಒಂದೇ ಒಂದು ಅಂಗಡಿ ನೋಡಿ ಮನೆಗೆ ಹೋಗಿಬಿಡಿ” ಅಂದ ಮೇಲಧಿಕಾರಿ. “ಗುಜರಿ ಅಂಗಡಿ ತಕ್ಕಡಿ. ವರ್ಷದ ಮುದ್ರೆ ಹಾಕೋದಿದೆ.”

ಗುಜರಿಯವನು ಹಳೇ ಪೇಪರು, ಹಳೇ ಕಬ್ಬಿಣ ತೂಕಕ್ಕೆ ಕೊಳ್ಳುವವನು. ಮೂಟೆ ಇಟ್ಟು ತೂಗುವ ದೊಡ್ಡ ತಕ್ಕಡಿ ಅವನದು. ತನಿಖೆಗೆ ಬಂದ ಗುಂಯ್ಯಣ್ಣ ಹಿತ್ತಾಳೆ ತೂಕದ ಬೊಟ್ಟುಗಳ ಪೆಟ್ಟಿಗೆ ಬಿಚ್ಚುವ ಮೊದಲೇ ಅವನು ಓಡಿಬಂದು ಕೈ ಹಿಡಿದುಕೊಂಡ.

“ಸಾರ್, ಈಗಷ್ಟೇ ಕೇಳಿದೆ. ಎಷ್ಟು ಇಳಿದುಹೋಗಿದೀರಿ. ಆ ಭಾರ ಯಾಕೆ ಎತ್ತುತೀರಿ? ನೀವೇ ಹತ್ತಿ ನಿಲ್ಲಿ, ತಕ್ಕಡಿ ನೋಡಿದ ಹಾಗೂ ಆಯ್ತು, ನಿಮ್ಮನ್ನ ನೋಡಿದ ಹಾಗೂ ಆಯ್ತು.”

ಗುಂಯ್ಯಣ್ಣ ಹತ್ತಿ ನಿಂತ. ಮುಳ್ಳು ಎಪ್ಪತ್ತಕ್ಕೆ ನಿಂತಿತು.

“ಮೊದಲು ಎಷ್ಟಿದ್ರಿ ಸಾರ್?”

“ಎಪ್ಪತ್ತನಾಲ್ಕು” ಅಂದ ಗುಂಯ್ಯಣ್ಣ. ಅದು ಹಿಂದಿನ ಸೋಮವಾರ ಇಲಾಖೆಯ ತಕ್ಕಡಿ ಹೇಳಿದ ಲೆಕ್ಕ. ಪೇಪರಿನ ಕಟ್ಟು ಹಿಡಿದು ಸಾಲಾಗಿ ನಿಂತಿದ್ದವರೆಲ್ಲ ಲೊಚಗುಟ್ಟಿದರು.

ಗುಂಯ್ಯಣ್ಣ ತಕ್ಕಡಿಯ ಮೇಲೆ ನಿಂತಲ್ಲೇ ಬೆವತ. ಒಂದೇ ವಾರದಲ್ಲಿ ಮನುಷ್ಯ ನಾಲ್ಕು ಕಿಲೋ ಇಳಿಯುವುದಿಲ್ಲ; ಇಳಿದಿರುವುದು ತಕ್ಕಡಿ. ತಕ್ಕಡಿ ಸುಳ್ಳು ಅಂದರೆ ಇವನು ಗಟ್ಟಿಮುಟ್ಟು. ಇವನು ವೀಕ್ ಅಂದರೆ ತಕ್ಕಡಿ ಸರಿ. ಬಿಸಿ ತುಪ್ಪ ಬಾಯಲ್ಲಿತ್ತು. ನುಂಗಿದ. ಪೆಟ್ಟಿಗೆ ಬಿಚ್ಚದೆ, ಸೀಸದ ಮುದ್ರೆಯನ್ನು ಇಕ್ಕಳದಲ್ಲಿ ಒತ್ತಿ, ಪುಸ್ತಕದಲ್ಲಿ ‘ಸರಿ ಇದೆ’ ಅಂತ ಬರೆದು ಸಹಿ ಹಾಕಿದ. ಸರ್ವಿಸ್ಸಿನಲ್ಲೇ ಮೊದಲ ಸಲ ಗೊತ್ತಿದ್ದೂ ಸುಳ್ಳು ತಕ್ಕಡಿಗೆ ಮುದ್ರೆ ಒತ್ತಿದ್ದ. ಅವತ್ತು ಮಧ್ಯಾಹ್ನದ ಊಟ ಅವನಿಗೆ ಸೇರಲಿಲ್ಲ. ಟೀಚರಮ್ಮ ಅದನ್ನೂ ವೀಕ್‌ನೆಸ್ಸಿನ ಲೆಕ್ಕಕ್ಕೆ ಬರೆದುಕೊಂಡರು.

ಅಷ್ಟಕ್ಕೇ ನಿಂತಿದ್ದರೆ ಕಥೆ ಮುಗಿಯುತ್ತಿತ್ತು. ಆದರೆ ಟೀಚರಮ್ಮನ ಹಳೇ ವಿದ್ಯಾರ್ಥಿಗಳಲ್ಲಿ ಗುಡುಗು ತಂಡದ ಡ್ರಮ್ಮಿನವನೂ ಒಬ್ಬ. ಅವನೀಗ ಟೈರ್ ಅಂಗಡಿ ಇಟ್ಟುಕೊಂಡಿದ್ದ. ಅವರು ಅವನಿಗೆ ಫೋನ್ ಮಾಡಿ, “ನಿನ್ನ ಸ್ನೇಹಿತ ದಿನಾ ಒಂದು ಕಿಲೋ ಇಳೀತಿದಾನೆ, ಲೆಕ್ಕ ನೀನೇ ಹಾಕು” ಅಂದರಂತೆ. ಲೆಕ್ಕದಲ್ಲಿ ಯಾವತ್ತೂ ಹಿಂದಿದ್ದ ಡ್ರಮ್ಮಿನವನು ಈ ಲೆಕ್ಕವನ್ನು ಮಾತ್ರ ಕೂಡಲೇ ಹಾಕಿದ.

ಶನಿವಾರ ನಾಲ್ಕು ಗಂಟೆಗೆ ಮೂವರೂ ಬಂದರು. ಕತ್ತಿಗೆ ಮಫ್ಲರ್ ಸುತ್ತಿದ ಹಾಡುಗಾರ, ಕೈಗೆ ರಬ್ಬರಿನ ವಾಸನೆ ಹತ್ತಿದ ಡ್ರಮ್ಮಿನವನು, ಒಂದು ಚೀಲ ಕಿತ್ತಳೆ ಹಿಡಿದ ಗಿಟಾರಿನವನು. ಗುಂಯ್ಯಣ್ಣನ ಹೆಂಡತಿ ಕಿಟಕಿಯಿಂದ ಕಂಡವಳೇ ಗಂಡನನ್ನು ಹಾಸಿಗೆಗೆ ತಳ್ಳಿ ಕತ್ತಿನ ತನಕ ಹೊದಿಸಿದಳು. ಇಪ್ಪತ್ತೆಂಟು ವರ್ಷದ ಮೇಲೆ ನಾಲ್ವರೂ ಒಂದೇ ಕೋಣೆಯಲ್ಲಿದ್ದರು. ಗುಂಯ್ಯಣ್ಣನಿಗೆ ಕಣ್ಣು ತುಂಬಿಬಂತು, ಮೂಗೂ ಸುರಿಯಿತು. ನೋಡಿದವರಿಗೆ ಕಾಯಿಲೆ ಖಾತ್ರಿಯಾಯಿತು.

“ಆ ಲೇಖನ ಓದೇ ನಿನಗೆ ಹೀಗಾಗಿದೆ ಅಲ್ವೇನೋ” ಅಂದ ಹಾಡುಗಾರ. ಹೊರಗೆಲ್ಲ ದೊಡ್ಡ ಮನುಷ್ಯ, ಇಲ್ಲಿ ಮಂಚದ ಕಾಲ ಹತ್ತಿರ ಕೂತಿದ್ದ. “ನೀನಿಲ್ಲದೆ ಗುಡುಗು ಎಲ್ಲಿ? ಮುಂದಿನ ತಿಂಗಳು ಪುರಸಭೆ ಹಾಲಲ್ಲಿ ಕಾರ್ಯಕ್ರಮ ಇದೆ. ನೀನೇ ಬಾರಿಸಬೇಕು.”

“ಕುರ್ಚಿ ಹಾಕಿಸ್ತೀವಿ” ಅಂದ ಡ್ರಮ್ಮಿನವನು. “ಬೇಕಾದ್ರೆ ಮಂಚನೇ ಹಾಕಿಸ್ತೀವಿ.”

ಗುಂಯ್ಯಣ್ಣ ಹೊದಿಕೆ ಕಿತ್ತೆಸೆದು ಏಳುವುದರಲ್ಲಿದ್ದ. ಹೆಂಡತಿ ಭುಜ ಒತ್ತಿ ಹಿಡಿದಳು.

ಚಹಾ ಕುಡಿಯಲು ಎಲ್ಲರೂ ಹೊರಗೆ ಹೋದಾಗ ಗಿಟಾರಿನವನು ಹಿಂದುಳಿದ. ಬಾಗಿಲು ಮುಂದೆ ಮಾಡಿ ಬಂದು ಕೂತು, ಒಂದು ಕಿತ್ತಳೆ ಸುಲಿದು, ತಿನ್ನದೆ ಕೈಯಲ್ಲೇ ಇಟ್ಟುಕೊಂಡ.

“ನೀನು ಹೋಗೋದರೊಳಗೆ ಒಂದು ಮಾತು ಹೇಳಿಬಿಡಬೇಕು ಕಣೋ.”

“ಎಲ್ಲಿಗೆ ಹೋಗೋದರೊಳಗೆ?”

ಗಿಟಾರಿನವನು ಕಿತ್ತಳೆಯ ನಾರು ಬಿಡಿಸತೊಡಗಿದ. “ಆವತ್ತು ನೀನು ಇಂಟರ್‌ವ್ಯೂಗೆ ಅಂತ ಓಡಿದೆಯಲ್ಲ, ಆಮೇಲೆ ನೀನು ಬಾರಿಸಿದ್ದನ್ನ ಹಾಕಿ ಕೇಳಿದ್ವಿ. ಚೆನ್ನಾಗಿರಲಿಲ್ಲ. ನಿನ್ನದೇ ಬೇಸ್ ಅಲ್ಲೇ ಇತ್ತು. ಕೂತು ನಾನೇ ಮತ್ತೆ ಬಾರಿಸಿದೆ.”

“ಯಾವ ಹಾಡಿಗೆ?”

“ಹನ್ನೊಂದಕ್ಕೂ.”

ಹೊರಗೆ ಡ್ರಮ್ಮಿನವನು ಬಿಸ್ಕತ್ತಿಗೆ ಕೈ ಹಾಕಿದ ಸದ್ದಾಯಿತು. ಗುಂಯ್ಯಣ್ಣ ಸೂರು ನೋಡಿದ. ಉಳಿದ ಹತ್ತು ಹಾಡಿನಲ್ಲಿ ತಾನು ಅಷ್ಟು ಚೆನ್ನಾಗಿ ಬಾರಿಸಿದ್ದು ಹೇಗೆ ಅಂತ ಅವನಿಗೂ ಎಷ್ಟೋ ಸಲ ಆಶ್ಚರ್ಯವಾಗಿತ್ತು. ಸ್ಟುಡಿಯೋದ ಯಂತ್ರದ ಮಹಿಮೆ ಅಂದುಕೊಂಡಿದ್ದ. ಚೆನ್ನಾಗಿದ್ದದ್ದು ತನ್ನದಲ್ಲ ಅಂತ ಯಾವನೂ ತಾನಾಗಿ ಅನುಮಾನಪಡುವುದಿಲ್ಲ.

“ಮೂರನೇ ಚರಣ?” ಅಂತ ಕೊನೆಗೆ ಕೇಳಿದ.

“ಅದೂ ನಾನೇ. ಬೇಸ್ ನನಗೆ ಅಭ್ಯಾಸವಿರಲಿಲ್ಲ, ಬೆರಳು ಜಾರ್ತು. ಪೇಪರಿನವನು ನಿನ್ನ ಹೆಸರಿಗೆ ಹಾಕಿದಾನೆ. ಅದು ನನ್ನ ತಪ್ಪು. ನಾಳೆನೇ ಅವನಿಗೆ ಫೋನ್ ಮಾಡಿ ಹೇಳ್ತೀನಿ.”

ಯಾರಿಗಾದರೂ ಇದು ಬಿಡುಗಡೆಯ ಮಾತು. ಆದರೆ ಗುಂಯ್ಯಣ್ಣನಿಗೆ ಹಾಗಾಗಲಿಲ್ಲ. ವಾರವಿಡೀ ನಟಿಸಿದ ಸುಸ್ತು ಈಗ ನಿಜವಾಗಿಯೂ ಬಂತು. ಅಷ್ಟು ದೊಡ್ಡ ತಂಡದಲ್ಲಿ ಅವನದು ಅಂತ ಇದ್ದದ್ದು ಒಂದು ತಪ್ಪು. ಅದಕ್ಕಾಗಿ ಮೂವತ್ತು ವರ್ಷ ಕೊರಗಿದ್ದ, ಭಾನುವಾರಗಳನ್ನೆಲ್ಲ ಅದಕ್ಕೇ ಕೊಟ್ಟಿದ್ದ.

“ಹೇಳಬೇಡ” ಅಂದ.

“ಯಾಕೋ?”

“ಆ ತಪ್ಪೂ ನನ್ನದಲ್ಲ ಅಂದ್ರೆ ನಾನು ಅಲ್ಲಿ ಇರಲೇ ಇಲ್ಲ ಅಂತಾಗುತ್ತೆ. ಅದು ನನ್ನ ಹೆಸರಲ್ಲೇ ಇರಲಿ ಬಿಡು.”

ಗಿಟಾರಿನವನು ಸುಲಿದ ಕಿತ್ತಳೆಯನ್ನು ಅವನ ಕೈಗಿಟ್ಟು, ಕಣ್ಣೊರೆಸಿಕೊಂಡು ಹೊರಗೆ ಹೋದ.

ಆಮೇಲೆ ಒಂದು ತಿಂಗಳು ಗುಂಯ್ಯಣ್ಣನ ಹಿಂದಿನ ಕೋಣೆಯಲ್ಲಿ ನಡೆದದ್ದು ಸಂಗೀತದ ಚರಿತ್ರೆಯಲ್ಲೇ ಅಪರೂಪ. ಅವನು ತಪ್ಪನ್ನು ಅಭ್ಯಾಸ ಮಾಡಿದ. ಜನ ಅವನ ತಪ್ಪು ಕೇಳಲೆಂದೇ ಬರುತ್ತಾರೆ. ಒಂದು ಸಲವಾದರೂ ಅದನ್ನು ತನ್ನ ಕೈಯಾರೆ ಮಾಡಿ ತನ್ನದಾಗಿಸಿಕೊಳ್ಳಬೇಕು. ಮೂರು ಮೆಟ್ಟಿಲು ಇಳಿದು ನಿಲ್ಲುವುದು, ಅಷ್ಟೆ. ಆದರೆ ಮೂವತ್ತು ವರ್ಷ ನಾಲ್ಕು ಇಳಿದ ಬೆರಳು ಮೂರಕ್ಕೆ ನಿಲ್ಲಲು ಒಪ್ಪುತ್ತಿರಲಿಲ್ಲ. “ಇದೇನ್ರೀ ಇದು” ಅಂದಳು ಹೆಂಡತಿ ಬಾಗಿಲ ಸಂದಿಯಿಂದ. “ಇಷ್ಟು ವರ್ಷ ಸರಿಯಾಗಿ ಬಾರಿಸಿ ಈಗ ತಪ್ಪು ಬಾರಿಸ್ತಿದೀರಿ?”

ಕಾರ್ಯಕ್ರಮದ ಸಂಜೆ ಪುರಸಭೆ ಹಾಲು ತುಂಬಿತ್ತು. ವೇದಿಕೆಯ ಮೇಲೆ ಕುರ್ಚಿ, ಕುರ್ಚಿಯ ಮೇಲೆ ಮೇಲಧಿಕಾರಿ ಕಳಿಸಿದ ಮೆತ್ತೆ. ಮುಂದಿನ ಸಾಲಿನಲ್ಲಿ ಟೀಚರಮ್ಮ ಗ್ಲೂಕೋಸ್ ಕಲಸಿದ ಫ್ಲಾಸ್ಕು ಹಿಡಿದು ಕೂತಿದ್ದರು. ಕನ್ನಡಕ ವಾಪಸು ಬಂದಿತ್ತು, ಆದರೆ ಹಳೇ ಪುರವಣಿ ಮತ್ತೆ ತೆಗೆದು ನೋಡುವ ಅಭ್ಯಾಸ ಅವರಿಗಿರಲಿಲ್ಲ. ಪೋಸ್ಟರಿನಲ್ಲಿ ‘ಮತ್ತು ಸಂಗಡಿಗರು’ ಅನ್ನುವುದರ ಮೇಲೆ ಗುಂಯ್ಯಣ್ಣನ ಹೆಸರಿನ ಚೀಟಿ ಅಂಟಿಸಿದ್ದರು. ಸಂಜೆಯ ಹೊತ್ತಿಗೆ ಅಂಟು ಒಣಗಿ ಅದು ಅರ್ಧ ಎದ್ದುಕೊಂಡಿತ್ತು.

‘ಕೊನೆ ಬಸ್ಸು’ ಶುರುವಾದಾಗ ಹಾಲು ಪಿಸುಗುಟ್ಟುವುದನ್ನೂ ನಿಲ್ಲಿಸಿತು. ಮೂರನೇ ಚರಣಕ್ಕೆ ಬಂದಾಗ ಎಲ್ಲರೂ ಫೋನು ಎತ್ತಿ ಹಿಡಿದರು. ಡ್ರಮ್ಮು ನಿಂತಿತು, ಗಿಟಾರು ನಿಂತಿತು. ಹಾಡುಗಾರ ಕಣ್ಣು ಮುಚ್ಚಿ ‘ಬಸ್ಸು ಹೋಯಿತು’ ಅಂದ. ಗುಂಯ್ಯಣ್ಣ ಒಂದು ಮೆಟ್ಟಿಲು ಇಳಿದ, ಎರಡು ಇಳಿದ, ಮೂರು ಇಳಿದ. ನಿಲ್ಲು ಅಂದ ಬೆರಳಿಗೆ. ಅದು ನಿಲ್ಲಲಿಲ್ಲ. ನಾಲ್ಕನೆಯದನ್ನು ಇಳಿದು, ಮೂವತ್ತು ವರ್ಷದ ಹಿಂದೆ ಎಲ್ಲಿ ನಿಲ್ಲಬೇಕಿತ್ತೋ ಅಲ್ಲಿ, ಗಟ್ಟಿಯಾಗಿ, ಒಂದಿಷ್ಟೂ ಅಲುಗದೆ ನಿಂತಿತು.

ಎತ್ತಿ ಹಿಡಿದ ಫೋನುಗಳು ಒಂದಿಷ್ಟು ಕೆಳಗಿಳಿದವು. ಏನೋ ತಪ್ಪಾಯಿತಲ್ಲ ಅನ್ನುವ ಮುಖ ಎಲ್ಲರದ್ದು.

ಪಕ್ಕದಲ್ಲಿದ್ದ ಗಿಟಾರಿನವನು ಅವನ ಮುಖ ನೋಡಿದ. ಏನು ಅರ್ಥವಾಯಿತೋ, ತನ್ನ ಗಿಟಾರಿನ ದಪ್ಪ ತಂತಿಯ ಮೇಲೆ ಬೆರಳಿಟ್ಟು ಆ ಹಳೇ ತಪ್ಪು ಸ್ವರವನ್ನು ಜೋರಾಗಿ ಮೀಟಿದ. ಗುಂಯ್ಯಣ್ಣನ ಸರಿ ಸ್ವರ ಅದರಡಿ ಸಿಕ್ಕು ಸತ್ತಿತು. ಹಾಲು ಎದ್ದು ನಿಂತು ಚಪ್ಪಾಳೆ ಹೊಡೆಯಿತು. “ಅದೇ ತಪ್ಪು, ಹಾಗೇ ಇದೆ” ಅಂತ ಯಾರೋ ಕೂಗಿದರು. ಗುಂಯ್ಯಣ್ಣ ಎದ್ದು ಕೈ ಮುಗಿಯಬೇಕಾಯಿತು. ಹಂಬಲಪಟ್ಟ ಸರಿ ಸ್ವರ ಬಾರಿಸಿದಾಗ ಯಾರಿಗೂ ಬೇಡವಾಯಿತು. ತಪ್ಪನ್ನು ಈ ಸಲವೂ ಬೇರೆಯವನೇ ಮಾಡಿಕೊಟ್ಟ.

ಗಂಡ ಹೆಂಡತಿ ಮನೆಗೆ ನಡೆದು ಹೊರಟರು. ಬಸ್ ನಿಲ್ದಾಣ ದಾಟಿದ ಮೇಲೆ, “ಅದು ನೀವು ಬಾರಿಸಿದ್ದಲ್ಲ” ಅಂದಳು. “ನಿಮ್ಮದು ಸರಿಯಾಗಿತ್ತು. ಇಷ್ಟು ಭಾನುವಾರ ಗೋಡೆಯಾಚೆ ಕೇಳಿದೀನಿ, ನನಗೆ ಗೊತ್ತಾಗಲ್ವಾ?”

“ಸರಿಯಾಗಿದ್ದಿದ್ದೇ ತಪ್ಪಾಯ್ತು ಕಣೇ” ಅಂದ ಗುಂಯ್ಯಣ್ಣ. ಅವಳು ಅವನ ಕೈಯಿಂದ ವಾದ್ಯದ ಚೀಲ ತೆಗೆದುಕೊಂಡು ತನ್ನ ಹೆಗಲಿಗೆ ಹಾಕಿಕೊಂಡಳು.

ಮರುದಿನ ಸೋಮವಾರ. ಗುಂಯ್ಯಣ್ಣ ಕಚೇರಿಗೂ ಹೋಗದೆ ನೇರ ಗುಜರಿ ಅಂಗಡಿಗೆ ನಡೆದ. ಟೀಚರಮ್ಮ ತಿಂಗಳ ಪೇಪರು ತಂದು ತೂಗಿಸುತ್ತಿದ್ದರು. ಕಟ್ಟಿನ ಮೇಲೆಯೇ ಆ ಪುರವಣಿ, ಅದರಲ್ಲಿ ಮೂಳೆ ಎಣಿಸಬಹುದಾದ ಆ ಫೋಟೋ. ಗುಂಯ್ಯಣ್ಣ ಕಟ್ಟನ್ನು ಕೆಳಗಿಳಿಸಿ, ಪೆಟ್ಟಿಗೆ ಬಿಚ್ಚಿ, ಹಿತ್ತಾಳೆ ಬೊಟ್ಟುಗಳನ್ನು ಒಂದೊಂದಾಗಿ ಇಟ್ಟ. ಇಪ್ಪತ್ತು ಕಿಲೋ ಇಟ್ಟರೆ ಮುಳ್ಳು ಹತ್ತೊಂಬತ್ತನ್ನೂ ಮುಟ್ಟಲಿಲ್ಲ. ಇಕ್ಕಳ ತೆಗೆದು ತನ್ನ ಮುದ್ರೆಯನ್ನು ತಾನೇ ಕತ್ತರಿಸಿದ.

“ಸಾರ್, ಹೋದ ತಿಂಗಳು ನೀವೇ ಸರಿ ಇದೆ ಅಂತ ಬರೆದಿದ್ದು” ಅಂದ ಗುಜರಿಯವನು.

“ಹೌದು. ನೋಡದೆ ಬರೆದೆ.”

“ಹಾಗೆ ಬರೆದ್ರೆ ನಿಮಗೇ ಮೆಮೊ ಬರುತ್ತೆ. ಮಧ್ಯದಲ್ಲಿ ಸ್ಪ್ರಿಂಗ್ ಸಡಿಲ ಆಯ್ತು ಅಂತ ಹಾಕಿಬಿಡಿ. ನಿಮ್ಮ ಮೇಲೆ ಯಾಕೆ ತಗೋತೀರಿ? ಮೊದಲೇ ವೀಕ್ ಆಗಿದೀರಿ.”

“ವೀಕೂ ಇಲ್ಲ, ಏನೂ ಇಲ್ಲ. ಆವತ್ತೂ ಎಪ್ಪತ್ತನಾಲ್ಕೇ ಇದ್ದೆ” ಅಂದ ಗುಂಯ್ಯಣ್ಣ. ಟೀಚರಮ್ಮ ಕನ್ನಡಕ ಸರಿಮಾಡಿಕೊಂಡು ಅವನನ್ನು ನೋಡಿದರು, ಆಮೇಲೆ ಕೆಳಗಿದ್ದ ಪುರವಣಿಯನ್ನು ಬಗ್ಗಿ ನೋಡಿದರು. ಈ ಸಲ ಸಣ್ಣ ಅಕ್ಷರವನ್ನೂ ಓದಿದರು.

ಗುಂಯ್ಯಣ್ಣ ತನಿಖೆಯ ಪುಸ್ತಕ ಬಿಚ್ಚಿ ನಿಧಾನವಾಗಿ ಬರೆದ. ಕೆಳಗೆ ಗುಂಯ್ ಅಂತಲ್ಲ, ಅಪ್ಪ ಅಮ್ಮ ಇಟ್ಟ ಪೂರ್ತಿ ಹೆಸರು ಹಾಕಿ, ಪುಸ್ತಕವನ್ನು ಗುಜರಿಯವನ ಕಡೆ ತಿರುಗಿಸಿದ.

“ಓದು.”

“ಈ ತಕ್ಕಡಿಗೆ ಮುದ್ರೆ ಒತ್ತಿದ್ದು ತಪ್ಪು” ಅಂತ ಗುಜರಿಯವನು ಓದಿದ. “ಆ ತಪ್ಪು ನನ್ನದು. ಬೇರೆ ಯಾರದ್ದೂ ಅಲ್ಲ.”

ಗುಂಯ್ಯಣ್ಣ ಇನ್ನೊಂದು ಸಲ ಓದಿಸಿದ.